ಹವಳದ ನಾಡಿನ ಜಮಾ-ಖರ್ಚು

ಯಾವುದಾದರೊಂದು ವಸ್ತುವನ್ನು ಹೀಗಳೆಯಬೇಕಾದಾಗ ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ನಾವು ಹೇಳುವುದುಂಟು. ಆದರೆ ಆ ಕವಡೆಯೇ ಒಂದು ಕಾಲದಲ್ಲಿ ನಾಣ್ಯವಾಗಿತ್ತು. ಬಂಗಾಳದ ಸಂತೆಗಳಲ್ಲಿ ಅದನ್ನು ಕೊಟ್ಟು ಅಕ್ಕಿಯನ್ನು ಕೊಳ್ಳುತ್ತಿದ್ದರು. ಪಶ್ಚಿಮ ಆಫ್ರಿಕದ ಪೇಟೆಗಳಲ್ಲಿ ಅದನ್ನೇ ಎಣಿಸಿಕೊಟ್ಟು ಮನುಷ್ಯರನ್ನು ಕೊಂಡದ್ದೂ ಉಂಟು. ಆ ಕವಡೆಗಳಲ್ಲಿ ಬಹುಭಾಗ ಹೊರಟುಬರುತ್ತಿದ್ದುದು ನಮ್ಮ ದೇಶದ ದಕ್ಷಿಣದ ತುದಿಗೆ ನೈಋತ್ಯದಲ್ಲಿ, ಹಿಂದೂ ಮಹಾಸಾಗರದ ನಡುವೆ ಹರಡಿಕೊಂಡಿರುವ ಮಾಲ್ಡೀವ್ಸ್ ದ್ವೀಪಗಳಿಂದ. ತೆಂಗಿನ ಗರಿಗಳನ್ನು ಆಳವಿಲ್ಲದ ನೀರಿನಲ್ಲಿ ಹಾಸಿ, ಅದಕ್ಕೆ ಅಂಟಿಕೊಂಡ ಕವಡೆಹುಳುಗಳನ್ನು ದಡದಲ್ಲಿ ಒಣಗಿಸುತ್ತಿದ್ದರೆಂದು ಅರಬ್ಬೀ ಲೇಖಕರು ಬರೆದಿಟ್ಟಿದ್ದಾರೆ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿಗೆ ಬಂದು ಕೆಲವು ಕಾಲ ನ್ಯಾಯಾಧೀಶನಾಗಿದ್ದ ಇಬ್ನ್ ಬತೂತನೂ ಈ ವ್ಯಾಪಾರವನ್ನು ವಿವರಿಸಿದ್ದಾನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಲೋಹದ ನಾಣ್ಯ ಎಲ್ಲೆಡೆಯೂ ಪ್ರಬಲವಾದೊಡನೆ ಕವಡೆಯ ಬೆಲೆ ಕುಸಿಯಿತು. ಅನಂತರ ಈ ದ್ವೀಪವಾಸಿಗಳಿಗೆ ಆಧಾರವಾದದ್ದು ಒಣಮೀನು. ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿದ ಸೂರೆಮೀನಿಗೆ ಸಿಂಹಳದ ಅಡುಗೆಮನೆಗಳೇ ಮುಖ್ಯ ಮಾರುಕಟ್ಟೆ. 1970ರ ದಶಕದ ಆರಂಭದಲ್ಲಿ ಸಿಂಹಳ ದೇಶಕ್ಕೆ ವಿದೇಶೀ ವಿನಿಮಯದ ಅಭಾವ ತಲೆದೋರಿ ಅದು ಆಮದುಗಳನ್ನು ಬಿಗಿಮಾಡಲು, ಆ ಮಾರುಕಟ್ಟೆಯೂ ಮುಚ್ಚಿಕೊಂಡಿತು. ಅದೇ ಸುಮಾರಿಗೆ ಮೂರನೆಯ ಸರಕು ಒಂದು ತಾನಾಗಿ ಬಂದು ದಡಕ್ಕೆ ಇಳಿಯಿತು. ಅದೇ ಪ್ರವಾಸಿ.

ಕವಡೆ, ಒಣಮೀನು, ಪ್ರವಾಸಿ, ಈ ಮೂರರ ಸ್ವಭಾವ ಬೇರೆಬೇರೆಯಾದರೂ ವ್ಯವಸ್ಥೆ ಒಂದೇ. ಕಡಲು ಕೊಟ್ಟ ಒಂದೇ ವಸ್ತುವನ್ನು ಹೊರಗಿನವರಿಗೆ ಮಾರಿ, ಬದುಕಿಗೆ ಬೇಕಾದ ಉಳಿದುದನ್ನೆಲ್ಲ ಹೊರಗಿನಿಂದ ತರಿಸಿಕೊಳ್ಳುವುದು ಆ ವ್ಯವಸ್ಥೆ. ಮೊದಲಿನ ಎರಡರ ಗತಿ ಏನಾಯಿತೆಂಬುದನ್ನು ಈಗಾಗಲೇ ಕಂಡೆವು. ಮೂರನೆಯದರ ಲೆಕ್ಕವನ್ನು ತಪ್ಪಾಗಿ ಬರೆಯಲಾಗುತ್ತಿದೆ ಎಂಬುದು ಈ ಲೇಖನದ ವಾದ.

ಮೊದಲು ಏಳಿಗೆಯ ಕಥೆಯನ್ನು ಹೇಳಬೇಕು. ಅದು ಮೆಚ್ಚತಕ್ಕ ಕಥೆಯೇ. 1972ರ ಫೆಬ್ರವರಿಯಲ್ಲಿ ಜಾರ್ಜ್ ಕಾರ್ಬಿನ್ ಎಂಬ ಇಟಲಿಯ ಪ್ರವಾಸ ವ್ಯವಸ್ಥಾಪಕನು ಇಪ್ಪತ್ತೆರಡು ಮಂದಿಯ ತಂಡವೊಂದನ್ನು ಅಲ್ಲಿಗೆ ಕರೆತಂದನು. ಅವರಿಗೆ ಇಳಿದುಕೊಳ್ಳಲು ಹೋಟೆಲು ಇರಲಿಲ್ಲ. ರಾಜಧಾನಿ ಮಾಲೆಯ ಮನೆಗಳಲ್ಲಿಯೇ ತಂಗಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಮಾಲೆಯ ಬಳಿಯ ಒಂದು ದ್ವೀಪದಲ್ಲಿ ಮೂವತ್ತು ಕೋಣೆಗಳ ‘ಕುರುಂಬ’ ವಿಹಾರಧಾಮ ತೆರೆಯಿತು. ದಿವೇಹಿ ಭಾಷೆಯಲ್ಲಿ ಕುರುಂಬ ಎಂದರೆ ಎಳನೀರು. 1981ರಲ್ಲಿ ಅಂತರರಾಷ್ಟ್ರೀಯ ವಿಮಾನನಿಲ್ದಾಣ ಸಿದ್ಧವಾಯಿತು. ಮೊದಲ ವರ್ಷ ಸಾವಿರದಷ್ಟಿದ್ದ ಪ್ರವಾಸಿಗಳು 2013ರಲ್ಲಿ ಹತ್ತು ಲಕ್ಷವನ್ನು ದಾಟಿದರು. 2019ರಲ್ಲಿ ಹದಿನೇಳು ಲಕ್ಷ. 2024ರಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಗಿಲು. ಜನಸಂಖ್ಯೆಯಾದರೋ, 2022ರ ಗಣತಿಯ ಪ್ರಕಾರ, ಹೊರದೇಶದ ಕೆಲಸಗಾರರೂ ಸೇರಿ ಐದು ಲಕ್ಷ ಹದಿನೈದು ಸಾವಿರ. ಒಟ್ಟು ನೆಲವೆಲ್ಲ ಸೇರಿದರೂ ಮುನ್ನೂರು ಚದರ ಕಿಲೋಮೀಟರು.

ವಿದ್ಯಾರ್ಥಿಗಳು ಇಲ್ಲೊಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಇಪ್ಪತ್ತು ಲಕ್ಷ ಜನ ತಲಾ ಏಳೆಂಟು ದಿನ ತಂಗುತ್ತಾರೆಂದು ಹಿಡಿದರೆ, ವರ್ಷಕ್ಕೆ ಒಂದೂವರೆ ಕೋಟಿ ‘ಪ್ರವಾಸಿ-ದಿನ’ಗಳಾದವು. ಇದನ್ನು 365ರಿಂದ ಭಾಗಿಸಿದರೆ ಯಾವ ದಿನ ನೋಡಿದರೂ ನಲವತ್ತು ಸಾವಿರ ಅತಿಥಿಗಳು ಆ ದೇಶದಲ್ಲಿರುತ್ತಾರೆ ಎಂದಾಯಿತು. ಅಂದರೆ ಹನ್ನೆರಡು ಹದಿಮೂರು ನಿವಾಸಿಗಳಿಗೆ ಒಬ್ಬ ಅತಿಥಿ. ರಾಷ್ಟ್ರದ ಉತ್ಪನ್ನದ ಸುಮಾರು ಕಾಲುಭಾಗ ನೇರವಾಗಿ ಇವರಿಂದ ಬರುತ್ತದೆ. ಈ ವರಮಾನದಿಂದಲೇ ಮಾಲ್ಡೀವ್ಸ್ 2011ರ ಜನವರಿಯಲ್ಲಿ ಅತಿ ಹಿಂದುಳಿದ ದೇಶಗಳ ವಿಶ್ವಸಂಸ್ಥೆಯ ಪಟ್ಟಿಯಿಂದ ಹೊರಬಂದಿತು. ತಲಾ ಆದಾಯದಲ್ಲಿ ಅದು ದಕ್ಷಿಣ ಏಷ್ಯದಲ್ಲಿಯೇ ಮುಂದಿದೆ. ಬೆಸ್ತರ ಮಕ್ಕಳು ಓದಿ ವೈದ್ಯರಾದದ್ದೂ, ದೂರದ ದ್ವೀಪಗಳಿಗೆ ವಿದ್ಯುತ್ತು ಹೋದದ್ದೂ ಸುಳ್ಳಲ್ಲ. ಪ್ರವಾಸೋದ್ಯಮವೆಂದರೆ ಮೂಗುಮುರಿಯುವವರು ಇದನ್ನು ಮರೆಯಬಾರದು.

ಹೀಗಿದ್ದರೂ ಇಪ್ಪತ್ತು ಲಕ್ಷ ಅತಿಥಿಗಳು ಬಂದ 2024ರಲ್ಲಿಯೇ ಆ ದೇಶದ ಖಜಾನೆಯಲ್ಲಿ ಡಾಲರುಗಳು ಬತ್ತಿಹೋದವು. ಬಳಕೆಗೆ ದೊರೆಯುವ ವಿದೇಶೀ ವಿನಿಮಯದ ಮೀಸಲು ಒಂದು ಹಂತದಲ್ಲಿ ಐದು ಕೋಟಿ ಡಾಲರಿಗಿಂತಲೂ ಕೆಳಕ್ಕಿಳಿಯಿತು; ಅದು ಒಂದು ತಿಂಗಳ ಆಮದಿಗೂ ಸಾಲದ ಮೊತ್ತ. ಸಾಲಪತ್ರಗಳ ಕಂತನ್ನು ತೀರಿಸಲಾರದೆ ಹೋಗಬಹುದೆಂದು ಹಣಕಾಸಿನ ಪೇಟೆಗಳು ಶಂಕಿಸಿದವು. ಅಕ್ಟೋಬರಿನಲ್ಲಿ ಭಾರತವು ನಲವತ್ತು ಕೋಟಿ ಡಾಲರುಗಳ ಮತ್ತು ಮೂರು ಸಾವಿರ ಕೋಟಿ ರೂಪಾಯಿಗಳ ನಾಣ್ಯ ವಿನಿಮಯದ ನೆರವು ಕೊಡಬೇಕಾಯಿತು. ಛತ್ರದಲ್ಲಿ ಊಟಕ್ಕೆ ಸಾಲುಗಟ್ಟಿ ಜನ ಬರುತ್ತಿದ್ದಾರೆ, ಪ್ರತಿಯೊಬ್ಬರೂ ಹಣ ಕೊಟ್ಟೇ ಉಣ್ಣುತ್ತಿದ್ದಾರೆ, ಛತ್ರದ ಯಜಮಾನ ಮಾತ್ರ ನೆರೆಮನೆಗೆ ಸಾಲಕ್ಕೆ ಹೋಗುತ್ತಿದ್ದಾನೆ! ಇದು ಹೇಗೆ?

ಸರ್ಕಾರ ದೊಡ್ಡ ಕಟ್ಟಡಕಾಮಗಾರಿಗಳಿಗಾಗಿ ಮಾಡಿದ ಸಾಲಗಳು ಒಂದು ಕಾರಣ. ಅದನ್ನು ಅರ್ಥಶಾಸ್ತ್ರಜ್ಞರು ಸಾಕಷ್ಟು ಚರ್ಚಿಸಿದ್ದಾರೆ. ನಾನು ಅದರಲ್ಲಿ ಕೈಯಿಡುವುದಿಲ್ಲ. ಪ್ರವಾಸೋದ್ಯಮದ ಒಳರಚನೆಯಲ್ಲಿಯೇ ಇರುವ ಇನ್ನೊಂದು ಕಾರಣ ನಮಗೆ ಮುಖ್ಯ.

ಪ್ರವಾಸೋದ್ಯಮವೂ ಒಂದು ರಫ್ತು. ಆದರೆ ಇತರ ರಫ್ತುಗಳಲ್ಲಿ ಸರಕು ಕೊಳ್ಳುವವನ ಬಳಿಗೆ ಹೋಗುತ್ತದೆ. ಇದರಲ್ಲಿ ಕೊಳ್ಳುವವನೇ ಸರಕಿನ ಬಳಿಗೆ ಬರುತ್ತಾನೆ. ಬಂದವನು ಬರಿಯ ಕಡಲನ್ನು ನೋಡಿ ತೃಪ್ತನಾಗುವುದಿಲ್ಲ. ಅವನಿಗೆ ಬೆಳಗ್ಗೆ ಮೊಟ್ಟೆ ಬೇಕು, ರೊಟ್ಟಿ ಬೇಕು, ತಂಪಾದ ಕೋಣೆ, ಸ್ನಾನಕ್ಕೆ ಸಿಹಿನೀರು, ಹೊದೆಯಲು ಮಡಿ ದುಪ್ಪಟಿ ಬೇಕು. ಮಾಲ್ಡೀವ್ಸಿನಲ್ಲಿ ಬೆಳೆಯುವುದು ತೆಂಗು, ಸಿಕ್ಕುವುದು ಮೀನು. ಅಲ್ಪಸ್ವಲ್ಪ ಹಣ್ಣು ತರಕಾರಿಗಳನ್ನು ಬಿಟ್ಟರೆ ಉಳಿದುದೆಲ್ಲ ಹಡಗಿನಲ್ಲಿ ಬರಬೇಕು. 2024-25ನೆಯ ಸಾಲಿಗೆ ಭಾರತ ಆ ದೇಶಕ್ಕೆ ಕಳುಹಿಸಲು ಅನುಮತಿಯಿತ್ತ ಸಾಮಾನುಗಳ ಪಟ್ಟಿಯನ್ನು ನೋಡಿ: ನಲವತ್ತೆರಡೂ ಮುಕ್ಕಾಲು ಕೋಟಿ ಕೋಳಿಮೊಟ್ಟೆ, ಒಂದು ಲಕ್ಷ ಇಪ್ಪತ್ತನಾಲ್ಕು ಸಾವಿರ ಟನ್ ಅಕ್ಕಿ, ಒಂದು ಲಕ್ಷ ಒಂಬತ್ತು ಸಾವಿರ ಟನ್ ಗೋಧಿಹಿಟ್ಟು, ಮೂವತ್ತೈದು ಸಾವಿರ ಟನ್ನಿಗೆ ಮೇಲ್ಪಟ್ಟು ಈರುಳ್ಳಿ. ಇದು ಅನುಮತಿಯ ಮಿತಿಯೇ ಹೊರತು ಸಾಗಿಸಿದ ಮಾಲಿನ ಲೆಕ್ಕವಲ್ಲ; ಆದರೂ ಅವಲಂಬನೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ. ಪಟ್ಟಿಯ ಕೊನೆಯಲ್ಲಿ ಇನ್ನೂ ಒಂದು ವಿಚಿತ್ರವುಂಟು: ಹತ್ತು ಲಕ್ಷ ಟನ್ ಜಲ್ಲಿ, ಹತ್ತು ಲಕ್ಷ ಟನ್ ನದಿಯ ಮರಳು. ಮರಳಿನಿಂದಲೇ ಆದ ದೇಶ ಮರಳನ್ನು ಕೊಳ್ಳುತ್ತಿದೆ. ಉಪ್ಪು ಹೀರಿದ ಹವಳದ ಮರಳು ಕಬ್ಬಿಣ ಕಾಂಕ್ರೀಟಿಗೆ ಒಗ್ಗುವುದಿಲ್ಲ. ಒಗ್ಗಿದರೂ ಅದನ್ನು ತೆಗೆದರೆ ಕಾಲಕೆಳಗಿನ ನೆಲವನ್ನೇ ತೆಗೆದಂತೆ.

ಇದರ ಮೇಲೆ ವಿದ್ಯುತ್ತಿಗೆ ಡೀಸೆಲು. ಕೆಲಸಗಾರರಲ್ಲಿ ಬಹುಮಂದಿ ಬಾಂಗ್ಲಾದೇಶ, ಭಾರತ, ಶ್ರೀಲಂಕಾಗಳಿಂದ ಬಂದವರು. ಸಂಬಳದ ದೊಡ್ಡ ಪಾಲನ್ನು ಅವರು ಊರಿಗೆ ಕಳುಹಿಸುವುದು ನ್ಯಾಯವೇ. ವಿಹಾರಧಾಮದ ಆಡಳಿತ ಅನೇಕ ಕಡೆ ವಿದೇಶೀ ಸಂಸ್ಥೆಯ ಕೈಯಲ್ಲಿದ್ದು, ಪ್ರವಾಸಿ ತನ್ನ ಹಣವನ್ನು ತನ್ನ ಊರಿನಲ್ಲಿಯೇ ಕಟ್ಟಿಬರುವುದರಿಂದ ಡಾಲರು ಮಾಲೆಯ ಮುಖವನ್ನೇ ನೋಡದೆ ಹೋಗುವುದೂ ಉಂಟು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರ, ದೊಡ್ಡ ವಿಹಾರಧಾಮಗಳು ಪ್ರತಿಯೊಬ್ಬ ಪ್ರವಾಸಿಗೆ 500 ಡಾಲರಿನಂತೆ ಸ್ಥಳೀಯ ಬ್ಯಾಂಕುಗಳಲ್ಲಿ ಬದಲಾಯಿಸಲೇಬೇಕೆಂದು ನಿಯಮ ಹೊರಡಿಸಿದ್ದು ಈ ಸೋರಿಕೆಯನ್ನು ತಡೆಯುವುದಕ್ಕೆ. ತೂತಿನ ಕೊಡಕ್ಕೆ ನೀರು ಹೊಯ್ಯುವವನು ಕೊನೆಗೂ ಕೊಡವನ್ನು ತಿರುಗಿಸಿ ನೋಡಿದ್ದಾನೆ ಎನ್ನಬೇಕು.

ತೆರಿಗೆಯ ವಿಷಯವಂತೂ ನಗು ಬರಿಸುವಂಥದು. ಬಹುಕಾಲ ಅಲ್ಲಿ ಇದ್ದದ್ದು ತಲೆಗೆ ರಾತ್ರಿಗೆ ಎಂಟು ಡಾಲರಿನ ‘ಹಾಸಿಗೆ ತೆರಿಗೆ’. ಕೋಣೆಯ ಬಾಡಿಗೆ ನೂರು ಡಾಲರಾದರೂ ಎಂಟೇ, ಸಾವಿರವಾದರೂ ಎಂಟೇ! 2011ರಲ್ಲಿ ಬೆಲೆಯನ್ನನುಸರಿಸಿ ಸೇಕಡಾ ಮೂರೂವರೆಯ ತೆರಿಗೆ ಆರಂಭವಾಯಿತು. ಅದು ಹೆಚ್ಚುತ್ತ ಬಂದು 2023ರಲ್ಲಿ ಸೇಕಡಾ 16, 2025ರ ಜುಲೈಯಿಂದ 17 ಆಗಿದೆ. ಮೊದಲ ನಾಲ್ಕು ದಶಕಗಳಲ್ಲಿ ಎಷ್ಟು ಕೈತಪ್ಪಿತೆಂಬುದನ್ನು ಯಾರು ಬೇಕಾದರೂ ಊಹಿಸಬಹುದು. ಇನ್ನೊಂದು ಸುಧಾರಣೆಯನ್ನೂ ಹೇಳಬೇಕು. ಮೊದಲಿಗೆ ಜನವಸತಿಯಿಲ್ಲದ ದ್ವೀಪಗಳಲ್ಲಿ ಮಾತ್ರ, ಒಂದು ದ್ವೀಪಕ್ಕೆ ಒಂದು ವಿಹಾರಧಾಮದಂತೆ ಪ್ರವಾಸಿಗಳನ್ನು ಇರಿಸುತ್ತಿದ್ದರು. 2009ರ ಅನಂತರ ಹಳ್ಳಿಗಳಿರುವ ದ್ವೀಪಗಳಲ್ಲಿಯೂ ಅತಿಥಿಗೃಹಗಳಿಗೆ ಅವಕಾಶ ದೊರೆಯಿತು. ಹಳ್ಳಿಯವನ ಮನೆಯಲ್ಲಿ ಇಳಿದುಕೊಂಡವನ ಹಣ ಹಳ್ಳಿಯ ಅಂಗಡಿಗೂ ದೋಣಿಗೂ ಸುತ್ತಿ ಬರುತ್ತದೆ. ಇದು ಒಳ್ಳೆಯದೇ.

ಈ ಸರಕನ್ನು ಕಣಜದಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಇಂದಿನ ರಾತ್ರಿ ಮಾರಾಟವಾಗದ ಕೋಣೆಯನ್ನು ನಾಳೆ ಎರಡು ಸಲ ಮಾರಲಾಗದು. 2020ರ ಮಾರ್ಚಿಯಿಂದ ಜುಲೈ ನಡುವಿನವರೆಗೆ ಕೊರೋನಾ ಪಿಡುಗಿನಿಂದ ದೇಶದ ಬಾಗಿಲು ಮುಚ್ಚಿತು. ಆ ಒಂದು ವರ್ಷದಲ್ಲಿ ರಾಷ್ಟ್ರೀಯ ಉತ್ಪನ್ನ ಸುಮಾರು ಮೂರನೆಯ ಒಂದು ಭಾಗದಷ್ಟು ಕುಗ್ಗಿತು. 2024ರ ಜನವರಿಯಲ್ಲಿ ಅಲ್ಲಿನ ಮೂವರು ಉಪಮಂತ್ರಿಗಳು ನಮ್ಮ ಪ್ರಧಾನಮಂತ್ರಿಗಳನ್ನು ಕುರಿತು ಹಗುರವಾಗಿ ಮಾತನಾಡಿ ಉಭಯ ದೇಶಗಳಲ್ಲಿ ಗದ್ದಲವೆದ್ದಿತಷ್ಟೆ. 2023ರಲ್ಲಿ ಎರಡು ಲಕ್ಷ ಮೀರಿದ್ದ ಭಾರತೀಯ ಪ್ರವಾಸಿಗಳು ಆ ವರ್ಷ ಒಂದು ಲಕ್ಷ ಮೂವತ್ತು ಸಾವಿರದಷ್ಟಕ್ಕೆ ಇಳಿದರು. ಆದರೂ ಒಟ್ಟು ಸಂಖ್ಯೆ ಏರಿತು. ನಮ್ಮವರು ಹೋಗಲಿಲ್ಲವೆಂದು ಇಲ್ಲಿಯ ಪತ್ರಿಕೆಗಳೂ, ಬೇರೆಯವರು ಬಂದರೆಂದು ಅಲ್ಲಿಯವೂ ತಲೆಗಳನ್ನೇ ಎಣಿಸುತ್ತಿದ್ದವು. ಆ ಗದ್ದಲದಲ್ಲಿ, ಮಾರುತ್ತಿರುವ ವಸ್ತು ಎಷ್ಟು ಉಳಿದಿದೆ ಎಂದು ಕೇಳಿದವರು ಕಡಿಮೆ.

ಮಾರುತ್ತಿರುವ ವಸ್ತು ಯಾವುದು? ಹವಳ. ಬಿಳಿಯ ಮರಳೂ, ಹಸುರು-ನೀಲಿಯ ತಿಳಿನೀರೂ, ಬಣ್ಣದ ಮೀನೂ, ಕಾಲೂರಲು ನೆಲವೂ ಎಲ್ಲವೂ ಹವಳದ ಕೊಡುಗೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಬಿಜಾಪುರ, ಕಲಬುರ್ಗಿ, ಬೀದರ ಸೀಮೆಗಳ ಕರಿಕಲ್ಲನ್ನು ವಾಚಕರು ಕಂಡಿರಬಹುದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾರಸವೇ ಹೆಪ್ಪುಗಟ್ಟಿ ಈ ದಖನ್ ಶಿಲೆಯಾಯಿತು. ಅದನ್ನು ಉಕ್ಕಿಸಿದ ಕುಲುಮೆ ಅಲ್ಲಿಯೇ ಉಳಿಯಿತು; ಅದರ ಮೇಲಿನ ಭೂಫಲಕ ಉತ್ತರಕ್ಕೆ ಸರಿಯಿತು. ಆದುದರಿಂದ ಮುಂದಿನ ಅಗ್ನಿಪರ್ವತಗಳು ದಕ್ಷಿಣ ದಕ್ಷಿಣಕ್ಕೆ ಸಾಲಾಗಿ ಹುಟ್ಟಿದವು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ದ್ವೀಪಗಳ ತಳಹದಿ ಆ ಸಾಲು. ಇಂದು ಆ ಕುಲುಮೆ ರಿಯೂನಿಯನ್ ದ್ವೀಪದ ಕೆಳಗೆ ಉರಿಯುತ್ತಿದೆ. ಬಿಜಾಪುರದ ಕೋಟೆಯ ಕರಿಕಲ್ಲಿಗೂ ಮಾಲ್ಡೀವ್ಸಿನ ಅಡಿಗಲ್ಲಿಗೂ ಒಂದೇ ಒಲೆ ಎಂದಾಯಿತು.

ಆ ಪರ್ವತಗಳು ತಣ್ಣಗಾಗಿ ಮೆಲ್ಲಮೆಲ್ಲನೆ ಮುಳುಗಿದವು. ಅವುಗಳ ಅಂಚಿನಲ್ಲಿ ನೆಲೆಸಿದ್ದ ಹವಳದ ಜೀವಿಗಳು, ಬೆಳಕಿಗಾಗಿ ಹಂಬಲಿಸಿ, ತಮ್ಮ ಪೂರ್ವಿಕರ ಸುಣ್ಣದ ಗೂಡಿನ ಮೇಲೆ ತಮ್ಮ ಗೂಡನ್ನು ಕಟ್ಟುತ್ತ ಮೇಲಕ್ಕೆ ಬೆಳೆದವು. ಬೆಟ್ಟ ಮರೆಯಾಯಿತು, ಉಂಗುರ ಉಳಿಯಿತು. ಇಂಥ ಉಂಗುರಕ್ಕೆ ಭೂಗೋಳಶಾಸ್ತ್ರದಲ್ಲಿ ‘ಅಟಾಲ್’ ಎಂದು ಹೆಸರು; ಜಗತ್ತಿನ ಭಾಷೆಗಳಿಗೆಲ್ಲ ಆ ಪದವನ್ನು ಕೊಟ್ಟದ್ದು ದಿವೇಹಿ ಭಾಷೆಯೇ. ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಈ ವಾದವನ್ನು ಪ್ರಕಟಿಸಿದಾಗ ಪ್ರಮಾಣವಿರಲಿಲ್ಲ. 1952ರಲ್ಲಿ ಶಾಂತಸಾಗರದ ಎನೆವೆಟಕ್ ಎಂಬ ಅಟಾಲಿನಲ್ಲಿ ಕೊರೆದು ನೋಡಿದಾಗ ಸಾವಿರ ಮೀಟರಿಗೂ ದಪ್ಪನಾದ ಸುಣ್ಣಕಲ್ಲಿನ ಕೆಳಗೆ ಅಗ್ನಿಶಿಲೆ ಸಿಕ್ಕಿತು.

ಈ ಸುಣ್ಣದ ಬಂಡೆಯನ್ನು ಕಟ್ಟುವ ಪ್ರಾಣಿ ಸಾಸಿವೆಯಿಂದ ಕಡಲೆಯ ಗಾತ್ರದ್ದು. ಅದರ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ಬಿಡಾರ ಹೂಡಿರುತ್ತವೆ. ಪಾಚಿ ಸೂರ್ಯನ ಬೆಳಕಿನಿಂದ ಸಕ್ಕರೆಯನ್ನು ಮಾಡಿ ಯಜಮಾನನಿಗೆ ಕೊಡುತ್ತದೆ. ಯಜಮಾನ ಅದಕ್ಕೆ ಮನೆಯನ್ನೂ ಗೊಬ್ಬರವನ್ನೂ ಕೊಡುತ್ತಾನೆ. ಹವಳದ ಬಣ್ಣ ಬಹುಮಟ್ಟಿಗೆ ಈ ಬಾಡಿಗೆದಾರರ ಬಣ್ಣ. ಇನ್ನು ಮರಳು. ಗಿಣಿಮೀನು ಎಂಬುದೊಂದು ಜಾತಿಯ ಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಬಂಡೆಯನ್ನು ಕೆರೆದು, ಪಾಚಿಯನ್ನು ಜೀರ್ಣಿಸಿ, ಸುಣ್ಣದ ಪುಡಿಯನ್ನು ಹಿಂದಿನಿಂದ ಬಿಡುತ್ತದೆ. ಒಂದು ಮಾಲ್ಡೀವ್ಸ್ ದ್ವೀಪದ ಸುತ್ತ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಸೇಕಡಾ 85ಕ್ಕಿಂತಲೂ ಹೆಚ್ಚು ಗಿಣಿಮೀನಿನದೇ. ಸಾವಿರಾರು ಡಾಲರು ತೆತ್ತು ನವದಂಪತಿಗಳು ಒರಗಿಕೊಳ್ಳುವ ಆ ಬೆಳ್ಳನೆಯ ಮರಳು ಏನೆಂಬುದನ್ನು ಪ್ರಚಾರಪತ್ರಿಕೆಗಳಲ್ಲಿ ಅಚ್ಚುಹಾಕದಿರುವುದು ಜಾಣತನವೇ ಸರಿ.

ಬಂಡೆ ಅಲೆಯನ್ನೂ ತಡೆಯುತ್ತದೆ. ನೆಲ ಸಮುದ್ರಮಟ್ಟದಿಂದ ಎಲ್ಲಿಯೂ ಎರಡೂವರೆ ಮೀಟರಿಗಿಂತ ಎತ್ತರವಿಲ್ಲದ ನಾಡಿಗೆ ಇದು ಕೋಟೆಗೋಡೆ. 1987ರಲ್ಲಿ ದೊಡ್ಡ ಅಲೆಗಳು ಮಾಲೆಗೆ ನುಗ್ಗಿದ ಮೇಲೆ, ಜಪಾನಿನ ನೆರವಿನಿಂದ ಆ ನಗರದ ಸುತ್ತ ಕಾಂಕ್ರೀಟಿನ ತಡೆಗೋಡೆಯನ್ನು ಕಟ್ಟಬೇಕಾಯಿತು. ಜೀವಂತ ಬಂಡೆ ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತದೆ, ಸವೆದಂತೆಲ್ಲ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ದ್ವೀಪದೊಳಗಿನ ಸಿಹಿನೀರೂ ಇದರ ಕೃಪೆ. ಮಳೆನೀರು ಮರಳಿಗಿಳಿದು, ಹೆಚ್ಚು ಸಾಂದ್ರವಾದ ಉಪ್ಪುನೀರಿನ ಮೇಲೆ ಮಸೂರದ ಆಕಾರದಲ್ಲಿ ತೇಲುತ್ತದೆ. ಸಿಹಿನೀರಿನ ಸಾಂದ್ರತೆ 1, ಉಪ್ಪುನೀರಿನದು 1.025, ಆದುದರಿಂದ ಸಮುದ್ರಮಟ್ಟದ ಮೇಲೆ ಒಂದು ಅಡಿ ಸಿಹಿನೀರು ನಿಂತರೆ ಕೆಳಗೆ ನಲವತ್ತು ಅಡಿ ಇರುತ್ತದೆ. ಮೇಲಿನಿಂದ ಒಂದು ಅಡಿ ಸೇದಿದರೆ ಕೆಳಗಿನ ನಲವತ್ತು ಅಡಿಗೆ ಉಪ್ಪುನೀರು ಏರುತ್ತದೆ. ಮಾಲೆಯ ಬಾವಿಗಳು ಹೀಗೆಯೇ ಕೆಟ್ಟವು. ಅಲ್ಲಿ ಈಗ ಯಂತ್ರದಿಂದ ಕಡಲನ್ನು ಸಿಹಿಮಾಡಿ ಕುಡಿಯುತ್ತಾರೆ. 2014ರ ಡಿಸೆಂಬರ್ 4ರಂದು ಆ ಯಂತ್ರಾಗಾರಕ್ಕೆ ಬೆಂಕಿ ಬಿದ್ದಾಗ ಲಕ್ಷಕ್ಕೂ ಹೆಚ್ಚು ಜನ ನೀರಿಲ್ಲದಂತಾಗಿ, ಭಾರತದಿಂದ ವಿಮಾನಗಳಲ್ಲಿಯೂ ಹಡಗಿನಲ್ಲಿಯೂ ನೀರು ಹೋಯಿತು.

ಜೀವಂತವಾಗಿರುವ ವಸ್ತುವಿಗೂ ಸತ್ತ ವಸ್ತುವಿಗೂ ಬೆಲೆಯಲ್ಲಿ ಎಷ್ಟು ಅಂತರವೆಂಬುದನ್ನು ಈ ದೇಶ ಒಮ್ಮೆ ಚೆನ್ನಾಗಿ ಲೆಕ್ಕಹಾಕಿತ್ತು. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಹವಳದ ಬಂಡೆಯಲ್ಲಿ ವಾಸಿಸುವ ಒಂದು ಬೂದುಬಣ್ಣದ ಷಾರ್ಕ್ ಮೀನು ಬೆಸ್ತನ ಬಲೆಗೆ ಬಿದ್ದರೆ ಒಂದು ಸಲ 32 ಡಾಲರು. ಅದೇ ಮೀನು ಬದುಕಿದ್ದು ಮುಳುಗುಗಾರರ ಕಣ್ಣಿಗೆ ಬೀಳುತ್ತಿದ್ದರೆ ಸರಾಸರಿ ವರ್ಷಕ್ಕೆ 3,300 ಡಾಲರು. ಈ ಅಂಕಿಗಳ ಮುಂದೆ ಉಪದೇಶ ಬೇಕಾಗಲಿಲ್ಲ. 2010ರಲ್ಲಿ ದೇಶದ ಕಡಲಿನಲ್ಲೆಲ್ಲ ಷಾರ್ಕ್ ಬೇಟೆಯನ್ನು ನಿಷೇಧಿಸಿದರು. ಮೀನಿಗೆ ಮಾಡಿದ ಈ ಲೆಕ್ಕವನ್ನು ಬಂಡೆಗೆ ಮಾಡಲಿಲ್ಲವಲ್ಲ ಎಂಬುದೇ ನನ್ನ ದೂರು.

ಏಕೆಂದರೆ ಬಂಡೆ ಸಾಯುತ್ತಿದೆ. ನೀರಿನ ಶಾಖ ಬೇಸಗೆಯ ಎಂದಿನ ಗರಿಷ್ಠಮಿತಿಯನ್ನು ಒಂದು ಡಿಗ್ರಿಯಷ್ಟು ದಾಟಿ ಕೆಲವು ವಾರ ನಿಂತರೆ ಸಾಕು, ಹವಳ ತನ್ನೊಳಗಿನ ಪಾಚಿಯನ್ನು ಹೊರದೂಡುತ್ತದೆ. ಬಾಡಿಗೆದಾರರು ಹೋದ ಮನೆ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾಗದಿದ್ದರೆ ಯಜಮಾನ ಉಪವಾಸದಿಂದ ಸಾಯುತ್ತಾನೆ. 1998ರಲ್ಲಿ ಮಾಲ್ಡೀವ್ಸಿನ ಆಳವಿಲ್ಲದ ನೀರಿನ ಕೊಂಬೆಹವಳಗಳಲ್ಲಿ ಸೇಕಡಾ ತೊಂಬತ್ತರಷ್ಟು ಹೀಗೆ ಸತ್ತವು. ಹದಿನೈದು ವರ್ಷಗಳಲ್ಲಿ ಅನೇಕ ಕಡೆ ಬಂಡೆ ಚೇತರಿಸಿಕೊಂಡಿತು. ಅಷ್ಟರಲ್ಲಿ 2016ರ ಶಾಖ ಬಂತು. 2024ರಲ್ಲಿ ಜಗತ್ತಿನ ಕಡಲುಗಳಲ್ಲೆಲ್ಲ ನಾಲ್ಕನೆಯ ಮಹಾ ಬಿಳಿಚಿಕೆ ನಡೆಯುತ್ತಿದೆ ಎಂದು ವಿಜ್ಞಾನಿಗಳು ಸಾರಿದರು.

ಬಂಡೆಯ ಆರೋಗ್ಯವನ್ನು ಅಳೆಯಲು ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ಒಂದು ಚದರ ಮೀಟರು ಜಾಗದಲ್ಲಿ ವರ್ಷಕ್ಕೆ ಹವಳಗಳು ಎಷ್ಟು ಕಿಲೋಗ್ರಾಂ ಸುಣ್ಣವನ್ನು ಕಟ್ಟುತ್ತವೆ, ಗಿಣಿಮೀನು, ಕಡಲಮುಳ್ಳುಹಂದಿ ಮೊದಲಾದವು ಎಷ್ಟನ್ನು ಕೆರೆಯುತ್ತವೆ ಎಂದು ಎಣಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಇದಕ್ಕೆ ಅವರು ಕೊಟ್ಟ ಹೆಸರು ‘ಕಾರ್ಬೊನೇಟ್ ಬಜೆಟ್’, ಎಂದರೆ ಸುಣ್ಣದ ಆಯವ್ಯಯ. ದಕ್ಷಿಣ ಮಾಲ್ಡೀವ್ಸಿನ ಬಂಡೆಗಳಲ್ಲಿ 2016ರ ಶಾಖಕ್ಕೆ ಮುಂಚೆ ಈ ಆಯವ್ಯಯದಲ್ಲಿ ಚದರ ಮೀಟರಿಗೆ ಸುಮಾರು ಆರು ಕಿಲೋಗ್ರಾಂ ಉಳಿತಾಯವಿತ್ತು. ಅನಂತರ ಅಳೆದಾಗ ಸುಮಾರು ಮೂರು ಕಿಲೋಗ್ರಾಂ ಕೊರತೆ ಕಂಡುಬಂದಿತು. ಮೇಲೆ ಸಮುದ್ರಮಟ್ಟ ವರ್ಷಕ್ಕೆ ಮೂರು ನಾಲ್ಕು ಮಿಲಿಮೀಟರು ಏರುತ್ತಿದೆ, ಕೆಳಗೆ ಬಂಡೆ ಬೆಳೆಯುವುದನ್ನು ಬಿಟ್ಟು ಸವೆಯುತ್ತಿದೆ.

ಈಗ ಎರಡು ಆಯವ್ಯಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಹಣಕಾಸಿನ ಮಂತ್ರಿಯ ಪುಸ್ತಕದಲ್ಲಿ 2016ಕ್ಕಿಂತ ಮುಂದಿನ ವರ್ಷಗಳು ಪ್ರವಾಸಿಗಳ ಸಂಖ್ಯೆ ಹೆಚ್ಚಿದ, ವರಮಾನ ಬೆಳೆದ ಸುಭಿಕ್ಷದ ವರ್ಷಗಳು. ಮುಳುಗುಗಾರ ವಿಜ್ಞಾನಿಯ ಪುಸ್ತಕದಲ್ಲಿ ಅವೇ ಕೊರತೆಯ ವರ್ಷಗಳು. ಒಂದು ಗಿರಣಿಯವನು ಯಂತ್ರದ ಸವಕಳಿಗೆಂದು ಪ್ರತಿವರ್ಷ ಹಣವನ್ನು ತೆಗೆದಿಡದೆ ಎಲ್ಲವನ್ನೂ ಲಾಭವೆಂದು ಬರೆದರೆ ಲೆಕ್ಕಪರಿಶೋಧಕರು ಅವನ ಪುಸ್ತಕವನ್ನು ಒಪ್ಪುವುದಿಲ್ಲ. ದೇಶವೊಂದು ತನ್ನ ಇಡಿಯ ಉದ್ಯಮ ನಿಂತ ಯಂತ್ರವನ್ನೇ ಹೀಗೆ ಬರೆಯದೆ ಬಿಟ್ಟರೆ ಜಗತ್ತಿನ ಬ್ಯಾಂಕುಗಳು ಅದನ್ನು ‘ಪ್ರಗತಿಯ ದರ’ ಎಂದು ಕರೆಯುತ್ತವೆ! ಮೂಲಧನವನ್ನು ಮಾರಿ ತಿಂದದ್ದು ಆದಾಯವಲ್ಲ. ಪ್ರೌಢಶಾಲೆಯ ವಾಣಿಜ್ಯದ ಹುಡುಗನಿಗೂ ಇದು ಗೊತ್ತು.

ಇದಕ್ಕೆ ಬರುವ ಆಕ್ಷೇಪವನ್ನು ನಾನು ಬಲ್ಲೆ. ಕಡಲನ್ನು ಕಾಯಿಸಿದವರು ಮಾಲ್ಡೀವ್ಸಿನವರಲ್ಲ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟ ದೊಡ್ಡ ದೇಶಗಳು. 2009ರ ಅಕ್ಟೋಬರ್ 17ರಂದು ಅಧ್ಯಕ್ಷ ಮೊಹಮ್ಮದ್ ನಶೀದರು ಮಂತ್ರಿಮಂಡಲದ ಸಭೆಯನ್ನು ನೀರಿನೊಳಗೆ ನಡೆಸಿ ಜಗತ್ತಿಗೆ ಹೇಳಿದ್ದು ಇದನ್ನೇ. ಮಾತು ನಿಜ. ಆದರೆ ಶಾಖದ ಪೆಟ್ಟು ತಿಂದ ಬಂಡೆ ಮತ್ತೆ ಏಳುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಸ್ಥಳೀಯ ಕಾರಣಗಳನ್ನು ಅವಲಂಬಿಸಿದೆ. ಹೊಸ ನೆಲಕ್ಕಾಗಿ ಕಡಲತಳವನ್ನು ಬಗೆದಾಗ ಏಳುವ ಕೆಸರು ಹವಳವನ್ನು ಉಸಿರುಗಟ್ಟಿಸುತ್ತದೆ; ಬಚ್ಚಲ ನೀರು ಬಂಡೆಯ ಮೇಲೆ ಬೇಡದ ಪಾಚಿಯನ್ನು ಬೆಳೆಸುತ್ತದೆ; ಆ ಪಾಚಿಯನ್ನು ಮೇಯಬೇಕಾದ ಗಿಣಿಮೀನನ್ನು ಹಿಡಿದರೆ ಎಳೆಯ ಹವಳಕ್ಕೆ ಕೂರಲು ಜಾಗವೇ ಇಲ್ಲ. ಇವೆಲ್ಲ ದೂರದ ಚಿಮಣಿಗಳ ತಪ್ಪಲ್ಲ. ಮೊದಲ ದಶಕಗಳ ನಿಯಮಗಳಲ್ಲಿ ವಿವೇಕವಿತ್ತು: ದ್ವೀಪದ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕಟ್ಟಕೂಡದು, ತೆಂಗಿನ ತಲೆಗಿಂತ ಎತ್ತರ ಕಟ್ಟಕೂಡದು ಎಂದಿತ್ತು. ಕಣ್ಣಿಗೆ ಕಾಣುವ ನೆಲಕ್ಕೆ ಮಾಡಿದ ಆ ನಿಯಮದ ಜೋಡಿಯನ್ನು ನೀರಿನ ಕೆಳಗಿನ ನೆಲಕ್ಕೂ ಅಷ್ಟೇ ಕಟ್ಟುನಿಟ್ಟಾಗಿ ಮಾಡಬೇಕಾಗಿತ್ತು. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳವನ್ನು ನೋಡಲು ಈಗ ದೋಣಿದೋಣಿ ಜನ ಹೋಗುತ್ತಿರುವುದರಿಂದ ಈ ಮಾತು ನಮಗೂ ತೀರ ಹೊರಗಿನದಲ್ಲ.

ಹಣವಿಲ್ಲವೆಂಬ ಸಬೂಬು ನಡೆಯದು. 2015ರ ನವೆಂಬರಿನಿಂದ ವಿಹಾರಧಾಮಗಳ ಪ್ರತಿ ಪ್ರವಾಸಿಯಿಂದ ದಿನಕ್ಕೆ 6 ಡಾಲರಿನ ‘ಹಸುರು ತೆರಿಗೆ’ ವಸೂಲಾಗುತ್ತಿತ್ತು. 2025ರ ಜನವರಿಯಿಂದ ದೊಡ್ಡ ವಿಹಾರಧಾಮಗಳಲ್ಲಿ ಅದು 12 ಡಾಲರಾಗಿದೆ. ಈ ಹಣ ಬಹುವಾಗಿ ಚರಂಡಿ, ಕುಡಿಯುವ ನೀರು, ಕಸದ ವಿಲೇವಾರಿಗಳಿಗೆ ಮೀಸಲು. ಅವೂ ಬೇಕಾದವೇ, ಮಾಲೆಯ ಕಸವನ್ನು ಸುರಿಯಲೆಂದೇ ತಿಲಫುಶಿ ಎಂಬ ಕಡಲ ಕೊಳವನ್ನು ತುಂಬಿ ದ್ವೀಪ ಮಾಡಿದ ದೇಶದಲ್ಲಿ ಅವು ಬೇಡವೆಂದು ಯಾರೂ ಹೇಳಲಾರರು. ಆದರೆ ಹನ್ನೆರಡರಲ್ಲಿ ಒಂದು ಡಾಲರನ್ನು ಬಂಡೆಯನ್ನು ಅಳೆಯುವುದಕ್ಕೆಂದೇ ತೆಗೆದಿಟ್ಟರೆ, ಪ್ರತಿಯೊಂದು ಅಟಾಲಿನ ಸುಣ್ಣದ ಆಯವ್ಯಯವನ್ನೂ ವರ್ಷವರ್ಷವೂ ಪ್ರವಾಸಿಗಳ ಅಂಕಿಸಂಖ್ಯೆಯ ಜೊತೆಗೇ ಪ್ರಕಟಿಸಬಹುದು. ಯಾವ ಅಟಾಲಿನ ಲೆಕ್ಕದಲ್ಲಿ ಕೊರತೆ ಬಿತ್ತೋ ಅಲ್ಲಿ ಅದು ತೀರುವವರೆಗೆ ಹೊಸ ವಿಹಾರಧಾಮಕ್ಕೆ ಗುತ್ತಿಗೆಯನ್ನೂ, ಕಡಲತಳ ಬಗೆಯಲು ಪರವಾನಗಿಯನ್ನೂ ಕೊಡಕೂಡದು. ಸಾಲ ಕೊಡುವ ಬ್ಯಾಂಕುಗಳೂ ಆ ಪುಟವನ್ನು ಕೇಳಿ ನೋಡಬೇಕು.

ಇದಕ್ಕೆ ಬೇಕಾದ ಜನರೂ ಅಲ್ಲಿಯೇ ಇದ್ದಾರೆ. ವಿಹಾರಧಾಮಗಳಲ್ಲಿ ಪ್ರವಾಸಿಗಳ ಕೈಹಿಡಿದು ನೀರಿನೊಳಗೆ ಕರೆದೊಯ್ಯುವ ಸ್ಥಳೀಯ ತರುಣ ತರುಣಿಯರಿಗೆ ಆ ಬಂಡೆಗಳು ಅಂಗೈಯ ಗೆರೆಗಳಷ್ಟು ಪರಿಚಿತ. ಹತ್ತು ಮೀಟರಿನ ದಾರವೊಂದನ್ನು ಬಂಡೆಯ ಮೇಲೆ ಎಳೆದು, ಅದರ ಕೆಳಗೆ ಎಷ್ಟು ಜೀವಂತ ಹವಳ, ಎಷ್ಟು ಸತ್ತದ್ದು, ಎಷ್ಟು ಬರಿಯ ಮರಳು ಎಂದು ಹಲಗೆಯ ಮೇಲೆ ಸೀಸದಕಡ್ಡಿಯಲ್ಲಿ ಗುರುತುಹಾಕುವುದನ್ನು ಅವರಿಗೆ ಕೆಲವು ವಾರಗಳಲ್ಲಿ ಕಲಿಸಬಹುದು. ದಿನಕ್ಕೆರಡು ಸಲ ಹೇಗೂ ಮುಳುಗುತ್ತಾರೆ; ವಾರದಲ್ಲಿ ಒಂದು ದಿನ ಪ್ರವಾಸಿಯ ಬದಲು ದಾರವನ್ನು ಹಿಡಿದುಕೊಂಡು ಇಳಿಯಲಿ, ಆ ದಿನದ ಸಂಬಳವನ್ನು ಹಸುರು ತೆರಿಗೆಯಿಂದ ಕೊಡಲಿ.